ಹೊಗಳಿದರೆ ಹುಷಾರು

ಸೋಮವಾರ, 3. ಬೆಳಿಗ್ಗೆ

ಚರಿತ್ರೆಕಾರರು ಗಮನಿಸತಕ್ಕದ್ದು: ಇಂದು ಒಂಬತ್ತೂವರೆ ಗಂಟೆಗೆ ನಮ್ಮ ಸಂಸ್ಥೆಯ ನಿರ್ದೇಶಕಿ ಮೇಡಂ ಸ್ವಹಸ್ತದಿಂದ ನನ್ನ ಮೇಜಿಗೆ ಟೀ ತಂದಿಟ್ಟರು. ಸಕ್ಕರೆ ಸಾಕಾ ಅಂತಲೂ ಕೇಳಿದರು. ಆರು ವರ್ಷದಲ್ಲಿ ಮೊದಲ ಸಲ. ಅತಿ ವಿನಯಂ ಧೂರ್ತ ಲಕ್ಷಣಂ. ಕುಡಿಯಲಿಲ್ಲ. ಕಿಟಕಿಯ ಗಿಡಕ್ಕೆ ಸುರಿದೆ — ಸಾಯುತ್ತದೋ ನೋಡೋಣ.

ಕಾರಣ ಗೊತ್ತು. ಮೇಡಂ ಎರಡು ದಿನ ತರಬೇತಿಗೆ ಹೋಗಿದ್ದರು: 'ಸಿಬ್ಬಂದಿ ಬಿಟ್ಟುಹೋಗದಂತೆ ಬಾಂಧವ್ಯ ಬೆಳೆಸುವುದು ಹೇಗೆ'. ಈ ವರ್ಷ ಮೂವರು ಹೋದರು. ನಾಲ್ಕನೆಯವಳು ನಾನೆಂದು ವಾಸನೆ ಸಿಕ್ಕಿರಬೇಕು. 15ರ ಶನಿವಾರ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ. ಹೈ ಹೀಲ್ಸ್ ಕೂಡ ತಂದಾಗಿದೆ. ವಿಷಯ ಗೊತ್ತಿರುವುದು ನಮ್ಮ ಯಜಮಾನರಿಗೆ ಮತ್ತು ಈ ಡೈರಿಗೆ. ಯಜಮಾನರು ಬಾಯಿ ಬಿಡುವವರಲ್ಲ. ಕಣ್ಣಿನ ಮೇಲೆ ನಂಬಿಕೆಯಿಲ್ಲ... ಮೊನ್ನೆ ಡೈರಿಯ ನಡುವೆ ಬಿಸ್ಕತ್ತಿನ ಪುಡಿ ಸಿಕ್ಕಿತು.

ಅದೇ ದಿನ, ಸಂಜೆ

ಮೀಟಿಂಗಿನಲ್ಲಿ ಅನಾಹುತ. ನಡೆಯಲಾಗದ ಮಕ್ಕಳನ್ನು ಮನೆಯಿಂದ ನಮ್ಮ ಕೇಂದ್ರಕ್ಕೆ ವ್ಯಾಯಾಮಕ್ಕೆ ಕರೆತರುವವನು ಡ್ರೈವರಣ್ಣ. ಮೇಡಂ ಎದ್ದುನಿಂತು ಅವನಿಗೆ, "ನೀವಿಲ್ಲದೆ ಈ ಸಂಸ್ಥೆಯೇ ಇಲ್ಲ" ಅಂದರು. ಚಪ್ಪಾಳೆ. ಅವನ ಮುಖ ಬಿಳಿಚಿತು.

ಬಿಳಿಚದೆ ಇನ್ನೇನು? ನಮ್ಮಲ್ಲಿ ಹೊಗಳುವುದು ಬೀಳ್ಕೊಡುಗೆಯ ದಿನ ಮಾತ್ರ. ಒಂದು ಕೇಕು, ಒಂದು ಗೋಡೆ ಗಡಿಯಾರ, ಈ ಒಂದು ವಾಕ್ಯ. ಬಿಟ್ಟುಹೋದ ಮೂವರಿಗೂ ಇದನ್ನೇ ಹೇಳಿದ್ದರು. ಅವರಿಲ್ಲದೆಯೂ ಸಂಸ್ಥೆ ಇದೆ.

ಹೊರಗೆ ಡ್ರೈವರಣ್ಣ ನನ್ನನ್ನು ಹಿಡಿದ.

"ಅಕ್ಕಾ, ನನ್ನ ತೆಗೀತಿದ್ದಾರಾ?"

"ಯಾರಿಗ್ಗೊತ್ತಪ್ಪಾ. ಕೇಕ್ ಬಂತಾ ನೋಡು."

ತಮಾಷೆಗೆ ಅಂದೆ. ಅವನು ನಗಲಿಲ್ಲ.

ಗುರುವಾರ, 6

ಡ್ರೈವರಣ್ಣ ವ್ಯಾನಿನ ಕೀ ವಾಚ್‌ಮನ್ ಕೈಗಿಟ್ಟು ಮಾಯ. ಅವರು ತಳ್ಳುವ ಮೊದಲು ತಾನೇ ಇಳಿದುಬಿಟ್ಟ. ಯಾವುದೋ ಶಾಲೆಯ ಬಸ್ಸು ಓಡಿಸುತ್ತಾನಂತೆ. ಮಕ್ಕಳೆಲ್ಲ ಮನೆಯಲ್ಲೇ. ಒಬ್ಬ ತಾಯಿಯ ಫೋನು: "ಹೀಗೇ ಬಿಟ್ರೆ ಇವಳ ಕಾಲು ಮತ್ತೆ ಸೆಟೆದುಕೊಳ್ಳುತ್ತೆ ಕಣ್ರೀ."

"ನಾನು ಹೊಗಳಿದ್ನಲ್ರೀ!" — ಮೇಡಂ.

"ಅದಕ್ಕೇ ಮೇಡಂ." ಬಿಡಿಸಿ ಹೇಳಿದೆ.

ಮೇಡಂ ಪೆನ್ನು ತೆಗೆದರು. "ಅವರ ಮನೆ ಗೊತ್ತಾ?"

ತರಬೇತಿಯ ಎರಡನೇ ಪಾಠವಿರಬೇಕು.

ಶುಕ್ರವಾರ, 7

ಮೂರನೇ ಮಹಡಿ. ಲಿಫ್ಟಿಲ್ಲ. ಡ್ರೈವರಣ್ಣ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದ. ಅವನ ಹೆಂಡತಿ ನಮಗೆ ಕೂತ್ಕೊಳ್ಳಿ ಅನ್ನಲಿಲ್ಲ.

"ನೀವು ನಮಗೆ ಎಷ್ಟು ಮುಖ್ಯ ಅಂದ್ರೆ —" ಮೇಡಂ ಶುರು ಮಾಡಿದರು.

"ಹೊಗಳ್ಬೇಡಿ ಮೇಡಂ," ಅಂದಳು ಆಕೆ. "ಮಕ್ಕಳನ್ನ ಎತ್ತಿ ಹತ್ತಿಸೋಕೆ ಇನ್ನೊಬ್ರನ್ನ ಕೊಡಿ ಅಂತ ಇವ್ರು ಎಷ್ಟು ಸಲ ಕೇಳಿದ್ರು? ಇವ್ರಿಲ್ದೆ ಸಂಸ್ಥೆ ಇಲ್ವಂತೆ! ಇವ್ರಿಗೆ ಸೊಂಟ ಇದೆಯಾ ಅಂತ ಒಂದಿನ ಕೇಳಿದ್ರಾ?"

ಮೇಡಂ ನೆಲದ ಮೇಲೆ ಕೂತರು. "ನೆನಪಿದೆ. ನೋಡೋಣ ಅಂದಿದ್ದೆ. ನೋಡಲಿಲ್ಲ. ಇನ್ನೊಬ್ರು ಸಿಗೋವರೆಗೆ ನಾನೇ ಬಂದು ಎತ್ತುತ್ತೀನಿ."

"ಎಲ್ಲೀವರೆಗೆ ಮೇಡಂ? ಫೋಟೋ ತೆಗೆಯೋವರೆಗಾ?" ಅಂದ ಡ್ರೈವರಣ್ಣ.

ನನ್ನ ಪ್ರಶ್ನೆಯೂ ಅದೇ.

ಬುಧವಾರ, 12

ಬಂದಿದ್ದಾನೆ. ಶಾಲೆಯವರ ಹತ್ತಿರ ಒಂದು ವಾರ ಟೈಮ್ ಕೇಳಿ ಬಂದಿದ್ದಾನೆ, ಜಾಣ. ಮೇಡಂ ದಿನಾ ವ್ಯಾನಿನಲ್ಲಿ ಹೋಗಿ ಮಕ್ಕಳನ್ನು ಎತ್ತುತ್ತಿದ್ದಾರೆ. ಕಿಟಕಿಯಲ್ಲಿ ಕಾವಲು ನಿಂತು ನೋಡಿದೆ — ಫೋಟೋ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಆದರೂ...

ಮಧ್ಯಾಹ್ನ ನನ್ನ ಮೇಜಿಗೆ ಬಂದರು. ಕೂದಲು ಕೆದರಿ, ಚಪ್ಪಲಿಯ ಉಂಗುಷ್ಠ ಕಿತ್ತು. ಟೀ ಇಲ್ಲ.

"ನೀವೇನೋ ಕೇಳಿದ್ದಕ್ಕೆ ನಾನು ನೋಡೋಣ ಅಂದಿದ್ನಾ?"

ಅನುಮಾನದಿಂದಲೇ ಹೇಳಿದೆ: "ಯಾವ ಮಗು ಎಷ್ಟು ಹೊತ್ತಿಗೆ ಅಂತ ಬರೆಯೋಳು ನಾನು. ಒಂದು ಮನೆಯನ್ನೂ ಕಂಡಿಲ್ಲ. ವಾರಕ್ಕೊಂದು ದಿನ ವ್ಯಾನಲ್ಲಿ ಕಳಿಸಿ ಅಂದಿದ್ದೆ."

"ಮಂಗಳವಾರ ಆಗುತ್ತಾ?"

ಇಷ್ಟೇನಾ! ಇದಕ್ಕೆ ಎರಡು ವರ್ಷ ಕಾದೆ.

ಶುಕ್ರವಾರ, 14

ಗಿಡ ಸತ್ತಿಲ್ಲ. ಚಿಗುರಿದೆ. ಅದರ ಮೇಲೂ ಒಂದು ಕಣ್ಣಿಟ್ಟಿದ್ದೇನೆ.

ಎತ್ತಲು ಹೊಸಬಳು ಸೋಮವಾರದಿಂದ. ಡ್ರೈವರಣ್ಣ ಶಾಲೆಗೆ ಬರಲ್ಲ ಅಂದನಂತೆ. "ಒಂದು ತಿಂಗಳು ನೋಡ್ತೀನಕ್ಕಾ. ಮತ್ತೆ ಹೊಗಳಿದ್ರೆ ಓಡೇ ಹೋಗ್ತೀನಿ."

ನಾನೂ ಒಂದು ತಿಂಗಳು.

ರೀ, ಹೇಗೂ ಇದನ್ನು ಓದುತ್ತಿದ್ದೀರಲ್ಲ, ಒಂದು ಉಪಕಾರ ಮಾಡಿ. ನಾಳೆ ಇಂಟರ್‌ವ್ಯೂಗೆ ಹೋಗುವುದಿಲ್ಲ. ಆ ಹೈ ಹೀಲ್ಸನ್ನು ಡಬ್ಬಿ ಸಮೇತ ಅಂಗಡಿಗೆ ವಾಪಸ್ ಕೊಟ್ಟು, ಅದೇ ಅಳತೆಯ ಗಟ್ಟಿ ಚಪ್ಪಲಿ ತನ್ನಿ, ಹೀಲ್ಸ್ ಇಲ್ಲದ್ದು. ಮಂಗಳವಾರ ವ್ಯಾನು ಹತ್ತಿಳಿಯಬೇಕು. ಬಿಲ್ಲು ಇರುವುದು ಈ ಡೈರಿಯಲ್ಲೇ, ನಿಮ್ಮ ಬಿಸ್ಕತ್ತಿನ ಪುಡಿ ಸಿಕ್ಕಿದ ಪುಟದಲ್ಲಿ.