ಕೇಳಿದರೆ ಮಾತ್ರ ಔಟು

ಕೆಂಟ್, ಜೂನ್ ೧೭, ೧೭೭೩. ಗುರುವಾರ ರಾತ್ರಿ.

ಹಾರ್ಬರ್ನ್ ಪ್ರಭುವಿಗೆ ಇವತ್ತು ನಾನು ಔಟು ಕೊಟ್ಟೆ. ಕೊಟ್ಟಿದ್ದು ಸರಿ. ಆದರೂ ಮಲಗಲಾಗದೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ಎದುರು ತಂಡದವರು ಕೇಳದೆ ಅಂಪೈರು ಔಟು ಅನ್ನಬಾರದು ಎಂದು ನಿಯಮ ಬರೆದವರಲ್ಲಿ ಆ ಮಹಾಶಯನೂ ಒಬ್ಬ. ಪಾರ್ಲಿಮೆಂಟಿನಲ್ಲಿ ದೇಶಕ್ಕೆ ಕಾನೂನು ಬರೆದದ್ದು ಸಾಲದೆ ಆಟಕ್ಕೂ ಬರೆದ. ಚೆಂಡು ಅವನ ಬ್ಯಾಟಿಗೆ ಟಿಕ್ಕೆಂದು ತಾಗಿ ಹಿಂದಿದ್ದವನ ಕೈ ಸೇರಿತು. ಯಾರೂ ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಮೈದಾನದಲ್ಲಿ ನಿಂತವರೆಲ್ಲ ಅವನ ಒಕ್ಕಲುಗಳು, ಅವನ ಲಾಯದವರು. ಚೆಂಡು ಹಾಕಿದ ನನ್ನ ಅಳಿಯ ಟೋಬಿಯಾಸ್ ಅವನ ತೋಟದ ಮಾಲಿ. ಚೆಂಡು ಚೆನ್ನಾಗಿ ಹಾಕುತ್ತಾನೆಂದೇ ಕೊಟ್ಟ ಕೆಲಸ ಅದು, ಈ ಮನೆಯೂ ಅದರ ಜೊತೆಗೇ ಬಂದದ್ದು. ನಾನು ಟೋಬಿಯಾಸನನ್ನು ದುರುಗುಟ್ಟಿ ನೋಡಿದೆ. ಕೊನೆಗೆ ಕೇಳಿಯೇಬಿಟ್ಟ.

"ಹೆಂಗೆ ಮಾವ ಇದು?"

"ಔಟು," ಅಂದೆ.

ಪ್ರಭು ನಗಲಿಲ್ಲ, ಬೈಯಲಿಲ್ಲ. "ಬೆಳಿಗ್ಗೆ ಇಬ್ರೂ ಬಂಗ್ಲೆ ಹತ್ರ ಬನ್ನಿ," ಎಂದಷ್ಟೇ ಹೇಳಿ ಹೋದ.

ಮಗಳು ಹೆಸ್ಟರ್ ಊಟದ ತಟ್ಟೆ ಕುಕ್ಕಿದಳು. "ಇಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪಾ? ಅದು ಅವರ ಬೂಟಿನ ಬೆಳ್ಳಿ ಬಕಲ್ ಸದ್ದಾಗಿದ್ರೆ?"

"ನನ್ನ ಕಿವಿ ಇನ್ನೂ ಸತ್ತಿಲ್ಲ ಕಣೇ!" ಎಂದು ಗದರಿದೆ.

ಆ ಸದ್ದನ್ನೇ ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೇನೆ. ಮರದ ಸದ್ದೇ. ಮರದ್ದೇ ಇರಬೇಕು.

ಟೋಬಿಯಾಸ್ ಕೂಡ ಮಲಗಿಲ್ಲ. ಈಗ ಗೋಡೆಯಾಚೆಯಿಂದ ಮೆಲ್ಲಗೆ ಕೇಳಿದ, "ಮಾವ, ಬ್ಯಾಟಿಗೆ ತಾಗಿದ್ದು ಖಂಡಿತ ತಾನೆ?"

ನಾನು ನಿದ್ದೆ ಬಂದವನ ಹಾಗೆ ಒಂದು ಗೊರಕೆ ಹೊಡೆದೆ.