ಭಾಷಣದ ಹಾಳೆ

ಮಾರ್ಚ್ ೧೪, ಗುರುವಾರ.

ನಮ್ಮ ಪತ್ರಿಕೆಯಲ್ಲಿ ಅಚ್ಚಾಗಬೇಕಾದ, ಮಂತ್ರಿಗಳ ಜೀವನದ ಬಗೆಗಿನ ಲೇಖನ ಇವತ್ತು ಸಂಗತಿಗಳ ಪರಿಶೀಲನೆಗೆ ನನ್ನ ಮೇಜಿಗೆ ಬಂತು. ನಮ್ಮ ಹಳ್ಳಿಯವರೇ. ಲೇಖನ ಹೇಳಿದಂತೆ ಅವರು ಓದಿದ್ದು ಹತ್ತನೆಯ ತರಗತಿಯಲ್ಲ, ಏಳನೆಯದು. ಮೊದಲ ಚುನಾವಣೆ ಗೆದ್ದದ್ದು ಮೂರು ಸಾವಿರ ಮತಗಳಿಂದಲ್ಲ, ಮುನ್ನೂರ ಹನ್ನೆರಡರಿಂದ. ಎರಡನ್ನೂ ತಿದ್ದಿದೆ. ಕೊನೆಯ ಪುಟದಲ್ಲಿ ಅವರ ಮೊದಲ ಭಾಷಣದ ಹಾಳೆಯ ಚಿತ್ರವಿತ್ತು. ಕೆಳಗೆ 'ನಾಯಕರ ಸ್ವಂತ ಕೈಬರಹ' ಎಂದಿತ್ತು.

ಅದು ನನ್ನ ಅಕ್ಕನ ಅಕ್ಷರ. ಮದುವೆಯಾಗುತ್ತೇನೆಂದು ಅವರು ಮಾತು ಕೊಟ್ಟಿದ್ದ ದಿನಗಳಲ್ಲಿ ಭಾಷಣಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. ಗೆದ್ದ ಮೇಲೆ ಅವರು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅಕ್ಕ ಬೇರೆ ಯಾರನ್ನೂ ಒಪ್ಪಲಿಲ್ಲ.

ಮಂತ್ರಿಗಳಿಗೇ ಫೋನ್ ಮಾಡಿ ಆ ಅಕ್ಷರ ಯಾರದೆಂದು ಕೇಳಿದೆ. "ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ ತಮ್ಮಾ? ನಿಮ್ಮಕ್ಕ ಏನಾದ್ರೂ ಕೇಳಿದ್ಲಾ?"

"ಇಲ್ಲ" ಎಂದೆ. ನಿಜವೇ. ಮೂವತ್ತೊಂದು ವರ್ಷದಲ್ಲಿ ಅವಳು ಏನನ್ನೂ ಕೇಳಿಲ್ಲ.

ಚಿತ್ರದ ಕೆಳಗಿನ ಸಾಲು ತಿದ್ದಲು ಸಂಪಾದಕರು ಪುರಾವೆ ಬೇಕೆಂದರು. ಸಂಜೆ ಅಕ್ಕನ ಮನೆಗೆ ಹೋಗಿ ಲೇಖನದ ಕರಡು ತೋರಿಸಿದೆ. ಆಗಿನ ಕಾಲದ ಒಂದು ಚೀಟಿಯಾದರೂ ಕೊಡು, ಅಕ್ಷರ ಹೋಲಿಸಿ ತೋರಿಸುತ್ತೇನೆ ಎಂದೆ.

"ಬರೆದಿದ್ದೆಲ್ಲ ಅವನಿಗೇ ಕೊಟ್ಟೆನಲ್ಲೋ, ನನ್ನ ಹತ್ರ ಏನಿದೆ" ಎಂದು ಕನ್ನಡಕ ಹಾಕಿಕೊಂಡಳು. "ಇಲ್ನೋಡು, ಸಾಲು ಓರೆಯಾಗಿದೆ. ಆವತ್ತು ನಂಗೆ ಜ್ವರ." ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ದಾನಲ್ಲೋ" ಎಂದಳು.

ಆ ಹಾಳೆ ಸಿಕ್ಕಿದ್ದು ಪಕ್ಷದ ಕಚೇರಿಯ ರದ್ದಿಯಲ್ಲಿ. ಲೇಖನ ಬರೆದ ವರದಿಗಾರನೇ ನನಗೆ ಹೇಳಿದ್ದ. ಬಾಯಿ ತನಕ ಬಂತು. ಇವತ್ತು ಕಂಡ ತಪ್ಪುಗಳಲ್ಲಿ ಅದೊಂದನ್ನು ತಿದ್ದಲು ನನ್ನಿಂದ ಆಗಲಿಲ್ಲ.