ಚಿಕ್ಕದು ಸಾಕು ಅಂದಿದ್ದೆ

ಹೊರ್ದಾನ್, ಗಿಮಾರಾಸ್ ದ್ವೀಪ, ಫಿಲಿಪ್ಪೀನ್ಸ್
ಸೆಪ್ಟೆಂಬರ್ 14

ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ನೀನು ಕೆಲಸಕ್ಕಿರುವ ಆ ಮನೆಯವರು ಭಾನುವಾರ ರಜೆ ಕೊಡುತ್ತಿದ್ದಾರೆಯೇ? ಇಲ್ಲಿ ಅಜ್ಜಿಯ ಕೆಮ್ಮು ಇಳಿದಿದೆ, ಬೈಗುಳ ಇಳಿದಿಲ್ಲ. ಪಕ್ಕದ ಮನೆಯ ದೆಲ್ಫಾ ಅಕ್ಕ ರಜೆ ಮುಗಿಸಿ ನೀನಿರುವ ಹಾಂಗ್‌ಕಾಂಗ್‌ಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ಮನೆಮಂದಿಯೆಲ್ಲ ಸುತ್ತ ಕೂತು ಕೇಳುತ್ತಾರೆ, ನೆಟ್ಟಗೆ ಜಗಳವಾಡಲೂ ಆಗುವುದಿಲ್ಲ. ನನಗೆ ನಿನ್ನ ಮೇಲೆ ಕೋಪ ಬಂದಿದೆ.

ಕಾಲೇಜಿಗೆ ಎಂಥ ಲ್ಯಾಪ್‌ಟಾಪ್ ಬೇಕು ಎಂದು ನೀನೇ ಕೇಳಿದೆ. ನಾನು ಯೋಚಿಸಿಯೇ ಹೇಳಿದೆ: ಚಿಕ್ಕದು, ಹಗುರವಾದದ್ದು, ಸಂಜೆಯವರೆಗೆ ಚಾರ್ಜ್ ನಿಲ್ಲುವಂಥದ್ದು. ದಿನಾ ದೋಣಿ ದಾಟಿ ಇಲೊಯಿಲೊಗೆ ಹೋಗಿ, ತುಂಬಿ ತುಳುಕುವ ಜೀಪ್ನಿ ಬಸ್ಸಿನಲ್ಲಿ ನೇತಾಡಿ ಕಾಲೇಜು ಸೇರುವವಳು ನಾನು. ಮೀನುಗಾರಿಕೆ ಓದುವವರಿಗೆ ಅರ್ಧ ಪಾಠ ಕೆಸರಿನಲ್ಲೇ. ನೀನು ಕಳಿಸಿದ ಪೆಟ್ಟಿಗೆಯಲ್ಲಿ ಸೋಪು, ಟವೆಲ್, ಡಬ್ಬಿ ಮಾಂಸದ ಕೆಳಗೆ ಏನಿತ್ತು? ನನ್ನ ಮಡಿಲಲ್ಲೂ ಹಿಡಿಸದ ಯಂತ್ರ. ಅದರ ಚಾರ್ಜರೇ ಒಂದು ಇಟ್ಟಿಗೆ. ಅಜ್ಜಿ ನೋಡಿದವಳೇ, "ಇದೇನೇ, ಓದೋಕೋ, ಇದರ ಮೇಲೆ ಮೀನು ಹೆಚ್ಚೋಕೋ?" ಅಂದಳು.

ಕಾಲೇಜಿಗೆ ಒಯ್ದರೆ ಎರಡನೆಯ ತರಗತಿ ಮುಗಿಯುವ ಮುಂಚೆಯೇ ಅದು ಕಣ್ಣು ಮುಚ್ಚುತ್ತದೆ. ಗೋಡೆಯಲ್ಲಿರುವ ಒಂದೇ ಪ್ಲಗ್ಗಿಗೆ ಇಡೀ ತರಗತಿ ಕಚ್ಚಾಡುತ್ತದೆ. ದೋಣಿಯವನಂತೂ ಎಲ್ಲರೆದುರೇ, "ತಂಗೀ, ನಿನ್ನ ಚೀಲಕ್ಕೂ ಒಂದು ಟಿಕೆಟ್ ತಗೋ," ಎನ್ನುತ್ತಾನೆ. ಈಗ ಅದು ಮುಂದಿನ ಕೋಣೆಯಲ್ಲಿ, ಅಜ್ಜಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿದೆ. ಬಂದವರಿಗೆಲ್ಲ ರೂಫೊ ಮಾಮ ಬಟ್ಟೆ ಎತ್ತಿ ತೋರಿಸುತ್ತಾನೆ, ಸಂಜೆ ಅದರಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಾನೆ. ನಾನು ಗೆಳತಿಯ ಲ್ಯಾಪ್‌ಟಾಪ್ ಬಿಡುವಾಗುವುದನ್ನು ಕಾಯುತ್ತೇನೆ. ಹಾಗೆ ಕಾದು ಮೊದಲ ವರದಿ ತಡವಾಯಿತು. ಎರಡನೆಯದೂ ತಡವಾದರೆ ಈ ವಿಷಯದಲ್ಲಿ ನಾನು ಫೇಲು.

ಅಂಗಡಿಯವನಿಗೆ ನೀನು ಹೇಳಿದ್ದನ್ನು ಹೆಮ್ಮೆಯಿಂದ ನನಗೂ ಹೇಳಿದೆಯಲ್ಲ: "ನನ್ನ ಮಗು ಸಂಕೋಚಪಟ್ಟು ಚಿಕ್ಕದು ಕೇಳಿದ್ದಾಳೆ, ನೀನು ಇರೋದರಲ್ಲೆಲ್ಲ ದೊಡ್ಡದು ಕೊಡಪ್ಪ." ಗೊತ್ತು, ಊಟಕ್ಕೆ ಕರೆದರೆ ಎರಡು ಸಲ ಬೇಡ ಅಂದು ಮೂರನೆಯ ಸಲಕ್ಕೆ ತಟ್ಟೆ ಹಿಡಿಯುವ ಜನ ನಾವು. ಆದರೆ ಅಮ್ಮಾ, ನಾನು ಕೇಳಿದ್ದು ಅನ್ನವಲ್ಲ. ಚಿಕ್ಕದು ಅಂದರೆ ಚಿಕ್ಕದೇ.

ಕಟ್ಟಡದ ನಕ್ಷೆ ಬಿಡಿಸಲು ಕಲಿಯುವ ಹುಡುಗನೊಬ್ಬನಿಗೆ ದೊಡ್ಡದೇ ಬೇಕಂತೆ. ಅವನ ಹಳೆಯ ಪುಟ್ಟ ಲ್ಯಾಪ್‌ಟಾಪಿಗೆ ಸೋಮವಾರ ಇದನ್ನು ಬದಲಾಯಿಸಿಕೊಳ್ಳುತ್ತೇನೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಮಾಮ ಈಗಾಗಲೇ ಮುಖ ಊದಿಸಿಕೊಂಡಿದ್ದಾನೆ. ನೀನೂ ಊದಿಸಿಕೋ.

ದೂರದಿಂದಲೇ ಆಶೀರ್ವಾದಕ್ಕೆ ನಿನ್ನ ಕೈಯನ್ನು ಹಣೆಗೊತ್ತಿಕೊಂಡು, ಕೋಪ ಇನ್ನೂ ಇಳಿಯದ,
ಜೊವೆಲಿನ್

ಒಂದು ಮಾತು ಮರೆತಿದ್ದೆ. ದೆಲ್ಫಾ ಅಕ್ಕ ಗೇಟಿನ ಹತ್ತಿರ ಕೂಗುತ್ತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಹೋದ ವಾರ ಫೋನಿನಲ್ಲಿ ನೀನು, "ಕ್ರಿಸ್ಮಸ್‌ಗೆ ಮನೆಗೆ ಬಂದುಬಿಡಲಾ, ಇಲ್ಲಾ ಇನ್ನೆರಡು ವರ್ಷದ ಕೆಲಸಕ್ಕೆ ಸಹಿ ಹಾಕಲಾ?" ಅಂತ ಕೇಳಿದೆ. "ಬರದಿದ್ದರೂ ಪರವಾಗಿಲ್ಲಮ್ಮ, ನಾವು ಚೆನ್ನಾಗಿದ್ದೀವಿ," ಅಂದೆ ನಾನು. ನೀನು ತಕ್ಷಣ ಸರಿ ಅಂದೆ. ಇನ್ನೊಂದು ಸಲ ಕೇಳಲೂ ಇಲ್ಲ. ನಾನು ಸಂಕೋಚಪಟ್ಟಿದ್ದು ಆಗ, ಅಮ್ಮಾ. ಸಹಿ ಹಾಕಬೇಡ.